ಮಡಿಸೀರೆಗೆ ಹತ್ತಿದ ನಾತ

ನಮ್ಮ ಅತ್ತೆ ತಮ್ಮ ಒಳಗೆಲ್ಲ ಕೊಳೆತುಹೋಗಿದೆ ಎಂದು ನಂಬಿ ಊಟ ಬಿಡುತ್ತ ಬಂದ ಆ ಚಳಿಗಾಲವನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಮಲಗುವ ಮುಂಚೆ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ಹಾಲು ಉಕ್ಕದೆ ಉಳಿಯಿತು, ಗ್ಯಾಸ್ ಇನ್ನೊಂದು ದಿನಕ್ಕೆ ಬಂತು, ಸಂಡಿಗೆ ಒಣಗುವಷ್ಟು ಬಿಸಿಲು ಬಿತ್ತು, ಇಂಥವು. ಆ ಚಳಿಗಾಲದಲ್ಲಿ ನೆನೆಯಲು ಕೂತರೆ ಒಂದೆರಡಕ್ಕೇ ನಿಂತುಹೋಗುತ್ತಿತ್ತು. ಆಮೇಲೆ ಮೂಗಿಗೆ ಆ ನಾತವೇ ಬಂದು ಕೂರುತ್ತಿತ್ತು.

ನಮ್ಮದು ಬಣಕಲ್ ರಸ್ತೆಯಿಂದ ಒಳಗೆ ಇಳಿದರೆ ಸಿಗುವ ಮನೆ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ಹಣ್ಣನ್ನು ಕೊಯ್ದು ಹಾಗೆಯೇ ಕಣದಲ್ಲಿ ಒಣಗಿಸಿ ಚೆರಿ ಮಾಡಿ ಮಾರುವವರು ನಾವು. ನಮ್ಮ ಮೇಲಿನ ಗುಡ್ಡದ ತುಂಬ ಹಬ್ಬಿರುವುದು ಸಾಹುಕಾರರ ಎಸ್ಟೇಟು. ಅವರು ಪಾರ್ಚ್‌ಮೆಂಟ್ ಮಾಡುವವರು. ಅಂದರೆ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಸುಲಿದು, ಬೀಜದ ಲೋಳೆ ಹೋಗುವಂತೆ ನೀರಿನಲ್ಲಿ ತೊಳೆದು ಒಣಗಿಸುತ್ತಾರೆ. ಆ ತೊಳೆದ ನೀರು ಮೊದಲು ಚಹಾದ ಹಾಗೆ ಕೆಂಪಗಿರುತ್ತದೆ. ನಿಂತರೆ ಕಪ್ಪಾಗುತ್ತದೆ, ಮೇಲೆ ಕೆನೆ ಕಟ್ಟುತ್ತದೆ, ಆಮೇಲೆ ನಾರುತ್ತದೆ. ಹುಳಿ ಮೀರಿದ ದೋಸೆಹಿಟ್ಟಿನ ಪಾತ್ರೆಯಲ್ಲಿ ಸತ್ತ ಇಲಿಯನ್ನು ಮುಚ್ಚಿಟ್ಟು ಮರೆತು, ಒಂದು ವಾರ ಬಿಟ್ಟು ಮುಚ್ಚಳ ತೆಗೆದರೆ ಹೇಗಿರಬಹುದೋ ಹಾಗೆ. ಅದನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಬೇಕು, ಹಳ್ಳಕ್ಕೆ ಬಿಡಬಾರದು. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಚಾರ.

ನಮ್ಮ ಮನೆಗೆ ಎರಡು ನೀರು. ಅಡುಗೆಗೆ, ನಮ್ಮೆಲ್ಲರ ಸ್ನಾನಕ್ಕೆ, ಬಟ್ಟೆಬರೆಗೆ ಬೋರ್‌ವೆಲ್ಲಿನದು. ಇನ್ನೊಂದು, ಹಳ್ಳದಿಂದ ಪೈಪಿನಲ್ಲಿ ತಾನಾಗಿ ಇಳಿದು ಹಿತ್ತಿಲಿನ ಕಲ್ಲುತೊಟ್ಟಿಗೆ ಬೀಳುವ ನೀರು. ಮೋಟಾರು ಎಳೆದು ತಂದ ನೀರು ಮಡಿಗೆ ಬರುವುದಿಲ್ಲ, ಹರಿಯುವ ನೀರೇ ಆಗಬೇಕು ಎನ್ನುವುದು ಅತ್ತೆಯ ನಿಯಮ. ಹಾಗಾಗಿ ಹಳ್ಳದ ನೀರನ್ನು ಬಳಸುತ್ತಿದ್ದವರು ಇಬ್ಬರೇ, ದೇವರು ಮತ್ತು ಅತ್ತೆ. ದೇವರಿಗೆ ಒಂದು ಚೊಂಬು. ಅದಕ್ಕೂ ನಮ್ಮ ಮನೆಯವರು ತುಳಸಿ, ಗಂಧ, ಪಚ್ಚಕರ್ಪೂರ ಹಾಕಿಬಿಡುತ್ತಿದ್ದರು. ಅತ್ತೆಗೆ ಸ್ನಾನ, ಮತ್ತೆ ಮಡಿಸೀರೆ. ಸೀರೆಯನ್ನು ತಾವೇ ಅದೇ ನೀರಿನಲ್ಲಿ ಹಿಂಡಿ, ದೇವರಕೋಣೆಯ ಪಕ್ಕದ ಬಿದಿರಿನ ಗಳದ ಮೇಲೆ ಕೋಲಿನಿಂದ ಹರವಿ ಒಣಗಿಸಿ, ಮರುದಿನ ಅದನ್ನೇ ಉಡುತ್ತಿದ್ದರು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಆ ಗಳದ ಕೆಳಗೆ ಬಗ್ಗಿಕೊಂಡೇ ಓಡಾಡಿದವಳು.

ಸಾಹುಕಾರರೇ ನಮ್ಮ ಸತ್ಸಂಗದ ಪ್ರವಚನಕಾರರು. ಶನಿವಾರಕ್ಕೊಂದು ಮನೆಯಲ್ಲಿ ಸೇರುತ್ತಿದ್ದೆವು. ಹೆಚ್ಚಿನವರು ಹೆಂಗಸರೇ. ಸಾಹುಕಾರರಿಗೆ ಒಳ್ಳೆಯ ಕಂಠ, ಓದಿಕೊಂಡವರು, ಯಾರ ಹತ್ತಿರವೂ ಧ್ವನಿ ಏರಿಸುವವರಲ್ಲ. ಪುರಾಣದಲ್ಲಿರುವುದೆಲ್ಲ ನಮ್ಮೊಳಗೇ ನಡೆಯುವಂಥದ್ದು ಎಂದು ಅವರು ಅರ್ಥ ಬಿಡಿಸುತ್ತಿದ್ದರು. ಕಾಡು ಎಂದರೆ ಮನಸ್ಸು, ಯುದ್ಧ ಎಂದರೆ ಎಚ್ಚರಕ್ಕೂ ಮರವೆಗೂ ನಡೆಯುವ ಜಗಳ, ಅಸುರ ಎಂದರೆ ಅಹಂಕಾರ. ದಿನಾ ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಅತ್ತೆ ನನ್ನ ಫೋನನ್ನು ಒಲೆಕಟ್ಟೆಯ ಮೇಲಿಡಿಸಿ, ಕೈಮುಗಿದು ಕೇಳುತ್ತಿದ್ದರು.

ಸುಳ್ಳು ಹೇಳಬಾರದು, ನನಗೂ ಹಿಡಿಸಿತ್ತು. ನೆತ್ತರಿನ ಹನಿ ಬಿದ್ದಲ್ಲೆಲ್ಲ ಇನ್ನೊಬ್ಬ ಹುಟ್ಟಿಬರುವ ರಾಕ್ಷಸನ ಕಥೆಗೆ ಅವರು, ‘ಇದು ಸಿಟ್ಟು, ಉತ್ತರ ಕೊಟ್ಟಷ್ಟೂ ಹೆಚ್ಚುತ್ತದೆ’ ಎಂದಾಗ ನನಗೆ ನಾದಿನಿಯ ನೆನಪಾಗಿ ನಾಚಿಕೆಯಾಗಿತ್ತು. ಆ ವರ್ಷದ ಗೌರಿಹಬ್ಬಕ್ಕೆ ಅವಳು ಚುಚ್ಚಿದ್ದಕ್ಕೆ ನಾನು ತಿರುಗಿ ಆಡಲಿಲ್ಲ. ಹಬ್ಬ ನೆಮ್ಮದಿಯಾಗಿ ಕಳೆಯಿತು. ಅದೂ ಒಂದು ಉಪಕಾರವೇ.

ಹಣ್ಣಿನ ಕೊಯ್ಲು ಬಿರುಸಾಗಿದ್ದಾಗ ಒಂದು ಶನಿವಾರ ಅವರು ಮಡುವಿನ ಹಾವಿನ ಕಥೆ ಎತ್ತಿಕೊಂಡರು. ನದಿಯ ಮಡುವಿನಲ್ಲಿ ಹಾವು ಸೇರಿಕೊಂಡು ನೀರೆಲ್ಲ ವಿಷ ಮಾಡುತ್ತದೆ. ಕುಡಿದ ದನಗಳು ದಡದಲ್ಲೇ ಬೀಳುತ್ತವೆ. ಪುಟ್ಟ ಕೃಷ್ಣ ಧುಮುಕಿ ಅದರ ಹೆಡೆಯ ಮೇಲೆ ಕುಣಿದು ಓಡಿಸುತ್ತಾನೆ. ಸಣ್ಣ ಮಕ್ಕಳಿಗೂ ಗೊತ್ತಿರುವ ಕಥೆ. ಸಾಹುಕಾರರು ಕಣ್ಣುಮುಚ್ಚಿ ಹೇಳಿದರು: ಮಡು ಎಂದರೆ ಮನಸ್ಸಿನ ಆಳ, ವಿಷವೆಂದರೆ ಅಲ್ಲಿ ನಾವೇ ಕೂಡಿಟ್ಟುಕೊಂಡ ಕೊಳೆ.

ಪ್ರವಚನ ಮುಗಿದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು. ಯಾರೆದುರೂ ಬಾಯಿಬಿಡದ ಹೆಂಗಸು, ಅವತ್ತು ಯಾಕೋ ಕೇಳಿದರು.

“ಸಾಹುಕಾರ್ರೇ, ನಂಗೊಂದು ಸಂಶಯ. ಈಗೊಂದು ವಾರದಿಂದ ನನ್ನ ಹತ್ರ ಎಂತದೋ ನಾತ ಬರ್ತದೆ. ಮಿಂದ್ರೂ ಹೋಗೂದಿಲ್ಲ. ಜಪಕ್ಕೆ ಕೂತ್ರೆ ಜಾಸ್ತಿ.”

ಪಕ್ಕದ ಮನೆಯಾಕೆ ನಕ್ಕಳು. ಅವಳ ಬಾಯಿಗೆ ಬೀಗವಿಲ್ಲ. “ಎಂತ ಅಜ್ಜಿ, ಮೂರು ಹೊತ್ತು ಮೀಯೋ ನೀವೇ ನಾರೂದಾದ್ರೆ ನಮ್ಮನ್ನೆಲ್ಲ ತಿಪ್ಪೆಗೆ ಹಾಕ್ಬೇಕು!”

ಸಾಹುಕಾರರು ನಗಲಿಲ್ಲ. ಅತ್ತೆಯನ್ನು ಕರುಣೆಯಿಂದ ನೋಡಿದರು. ಆ ನೋಟ ನನ್ನ ಕಣ್ಣಿಗೆ ಕಟ್ಟಿದೆ.

“ನಗಬೇಡಿ. ಇದು ದೊಡ್ಡ ವಿಷಯ. ಅಮ್ಮ, ಸಾಧನೆ ಮಾಗಿದಾಗ ಮಡುವಿನ ತಳದ ಕೆಸರು ಕದಡ್ತದೆ. ಜನ್ಮಜನ್ಮಾಂತರದ್ದು. ಅದೇ ನಿಮಗೆ ನಾತವಾಗಿ ಬರ್ತಿರೋದು. ಹೆದರಬೇಡಿ. ಆಹಾರ ಕಡಿಮೆ ಮಾಡಿ, ಜಪ ಹೆಚ್ಚು ಮಾಡಿ.”

ಅವತ್ತು ಮನೆಗೆ ಬರುವಾಗ ಅತ್ತೆ ದಾರಿಯುದ್ದಕ್ಕೂ ಜಪ ಮಾಡುತ್ತಲೇ ಬಂದರು. ಹೆಮ್ಮೆಪಟ್ಟಿರಬಹುದು ಎಂದುಕೊಂಡೆ. ಅಲ್ಲ, ಅವರು ಹೆದರಿದ್ದರು. ಜೀವಮಾನವಿಡೀ ಏಕಾದಶಿ ಬಿಡದ, ಯಾರ ಮನೆಯ ಚಾಡಿಯನ್ನೂ ಕಿವಿಗೆ ಹಾಕಿಕೊಳ್ಳದ ಹೆಂಗಸಿಗೆ, ನಿನ್ನ ತಳದಲ್ಲಿ ಇಷ್ಟು ಕೊಳೆ ಇದೆ ಎಂದು ಹೇಳಿ ಕಳಿಸಿದಂತಾಗಿತ್ತು. ಮರುದಿನದಿಂದ ರಾತ್ರಿಯ ಊಟ ನಿಂತಿತು. ಆಮೇಲೆ ಮಧ್ಯಾಹ್ನದ್ದು ಒಂದು ಹಿಡಿಗೆ ಬಂತು. ಮೊಮ್ಮಗಳು ತೊಡೆಯೇರಲು ಹೋದರೆ, “ಬೇಡ ಪುಟ್ಟಿ, ಅಜ್ಜಿ ಹತ್ರ ಬರ್ಬೇಡ” ಎಂದು ದೂರ ಮಾಡಿದರು. ಕೈಗೆ, ಕುತ್ತಿಗೆಗೆ ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಚರ್ಮ ಕೆಂಪು ಮಾಡಿಕೊಂಡರು. ಅದೇ ನೀರಿನಲ್ಲಿ ಮೀಯುತ್ತಿದ್ದರಲ್ಲ, ಮಿಂದಷ್ಟೂ ನಾತ ಹೆಚ್ಚುತ್ತಿತ್ತು. ನಾತ ಹೆಚ್ಚಿದಷ್ಟೂ ಮೀಯುತ್ತಿದ್ದರು.

ನನಗೆ ಅಷ್ಟೂ ದಿನ ನೆಗಡಿ, ಮೂಗು ಕಟ್ಟಿತ್ತು. ಮೂಗು ಬಿಟ್ಟ ದಿನ ಗಳದ ಕೆಳಗೆ ಬಗ್ಗಿ ಹೋಗುವಾಗ ಸೀರೆಯಿಂದ ನಾತ ಗಪ್ಪನೆ ಬಡಿಯಿತು. ವಾಂತಿ ಬರುವಂತಾಗಿ ಅಂಗಳಕ್ಕೆ ಓಡಿದೆ. ಕಾಫಿಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಯಾವುದರ ನಾತ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪಕ್ಕದ ಮನೆಯಾಕೆಯೂ ಅದೇ ಹೊತ್ತಿಗೆ ಬೇಲಿಯಾಚೆಯಿಂದ ಕೂಗಿದಳು. “ಅಕ್ಕಾ, ನಮ್ಮನೆ ದನ ಹಳ್ಳಕ್ಕೆ ಬಾಯಿ ಹಾಕೂದಿಲ್ಲ ಮಾರಾಯ್ತಿ. ಮೂತಿ ಇಟ್ಟು ವಾಪಸ್ ತೆಗೀತದೆ. ಬಾ ನೋಡಾಣ.”

ಇಬ್ಬರೂ ಹಳ್ಳದ ದಡ ಹಿಡಿದು ಹತ್ತಿದೆವು. ಕಲ್ಲುಗಳ ಮೇಲೆಲ್ಲ ಲೋಳೆ, ಬಿಳಿಬಿಳಿಯಾಗಿ ಕೂದಲಿನ ಹಾಗೆ ನೀರಿನಲ್ಲಿ ಆಡುವಂಥದ್ದು. ಏಡಿಗಳು ಹೊಟ್ಟೆ ಮೇಲಾಗಿ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಮೇಲೆ ಹೋದರೆ ಎಸ್ಟೇಟಿನ ಹೊಂಡದ ಏರಿ ಒಂದು ಕಡೆ ಕಡಿದಿತ್ತು. ಜರಿದದ್ದಲ್ಲ, ಗುದ್ದಲಿಯಲ್ಲಿ ನೀಟಾಗಿ ಕಡಿದದ್ದು. ಅಲ್ಲಿಂದ ಕಪ್ಪುನೀರು ನೊರೆ ನೊರೆಯಾಗಿ ಹಳ್ಳಕ್ಕೆ ಬೀಳುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಹಿಡಿದು, “ಥೂ, ಇವ್ರ ಪ್ರವಚನಕ್ಕೆ ಬೆಂಕಿ ಹಾಕ” ಎಂದಳು. ನಾನು ಸಾಹುಕಾರರ ವಿಷಯದಲ್ಲಿ ಅಂಥ ಮಾತು ಬೇಡ ಎನ್ನಬೇಕಾಗಿತ್ತು. ಎನ್ನಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಖುಷಿಪಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ.

“ಅತ್ತೆ, ಅದು ನಿಮ್ಮದಲ್ಲ. ಪಲ್ಪರ್ ನೀರು ಹಳ್ಳಕ್ಕೆ ಬಿಟ್ಟಿದ್ದಾರೆ. ಅದ್ರಲ್ಲೇ ನೀವು ಮೀತಿರೋದು, ಅದ್ರಲ್ಲೇ ಸೀರೆ ಹಿಂಡಿರೋದು.”

“ಸುಮ್ನಿರು ಮಾರಾಯ್ತಿ. ಅವ್ರು ಹಂಗೆ ಬಿಡೋ ಮನುಷ್ಯ ಅಲ್ಲ. ಇರುವೆಗೆ ಸಕ್ಕರೆ ಹಾಕೋರು.”

“ನಾನೇ ನೋಡಿ ಬಂದೆ ಅತ್ತೆ.”

“ಹಂಗಾದ್ರೆ ನಿಮಗ್ಯಾರಿಗೂ ಎಂತಕ್ಕೆ ನಾತ ಇಲ್ಲ? ಒಂದೇ ಮನೇಲಿದ್ದೀವಿ.”

“ನಾವು ಬೋರಿನ ನೀರಲ್ಲಿ ಮೀತೀವಿ.”

“ಅದೇ ಮತ್ತೆ. ನೀವು ಮಡಿ ಇಲ್ದವ್ರು, ನಿಮಗೆ ತಿಳಿಯೂದಿಲ್ಲ.”

ತೊಟ್ಟಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಅವರ ಮುಖದ ಹತ್ತಿರ ತಂದೆ. ಮೂಸಿ ನೋಡಿ, ಕಣ್ಣು ತುಂಬಿಕೊಂಡು, “ನಾನು ಮುಟ್ಟಿದ ತೊಟ್ಟಿ ಅಲ್ವನೇ ಅದು” ಎಂದರು.

ತನ್ನೊಳಗೇ ಇದೆ ಎಂದು ಒಮ್ಮೆ ನಂಬಿದವರಿಗೆ ಹೊರಗಿನ ಯಾವ ಸಾಕ್ಷಿಯೂ ಸಾಕ್ಷಿಯಲ್ಲ. ಹಳ್ಳ ನಾರಿದರೂ ತನ್ನಿಂದ, ಗೋಡೆ ನಾರಿದರೂ ತನ್ನಿಂದ. ಮಂಡಿನೋವಿನ ಅವರನ್ನು ಗುಡ್ಡ ಹತ್ತಿಸುವಂತಿರಲಿಲ್ಲ. ಅಷ್ಟು ಹೊತ್ತಿಗೆ ಅವರ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಈ ಮುದುಕಿ ತಾನು ಹೊಲಸು ಎಂದುಕೊಂಡೇ ಪ್ರಾಣ ಬಿಟ್ಟರೆ ಏನು ಗತಿ ಎಂಬ ಒಂದೇ ಯೋಚನೆ ನನ್ನದು. ಸಾವು ಎಲ್ಲರಿಗೂ ಬರುತ್ತದೆ. ಆದರೆ ಹಾಗೆ ಬರಬಾರದು.

ನಾನೂ ನಮ್ಮ ಮನೆಯವರೂ ಎಸ್ಟೇಟಿನ ಬಂಗಲೆಗೆ ಹೋದೆವು. ಅತ್ತೆಗೆ ಸಾಹುಕಾರರ ಮಾತೇ ವೇದವಾಕ್ಯ. ‘ಅದು ನಿಮ್ಮದಲ್ಲಮ್ಮ, ನಮ್ಮ ಹೊಂಡದ್ದು’ ಎಂದು ಅವರೇ ಒಂದು ಮಾತು ಹೇಳಿದರೆ ಸಾಕಿತ್ತು. ಸಾಹುಕಾರರು ನಮ್ಮನ್ನು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ತರಿಸಿದರು. ನಮ್ಮ ಮನೆಯವರು ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಈ ಸಲ ಫಸಲು ಜಾಸ್ತಿ, ಹೊಂಡಕ್ಕೆ ಒತ್ತಡ. ಎಸ್ಟೇಟ್ ನೋಡ್ಕೊಳ್ಳೋ ರೈಟರ್ ಏನೋ ವ್ಯವಸ್ಥೆ ಮಾಡಿರಬೇಕು, ನಾನು ಅದನ್ನೆಲ್ಲ ನೋಡಲ್ಲ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಆದ್ರೆ ಅಮ್ಮನ ಅನುಭವವನ್ನ ನೀವು ಇಷ್ಟು ಸ್ಥೂಲವಾಗಿ ನೋಡಬಾರದು. ಹೊರಗಿನ ನೀರು ಒಂದು ನೆಪ. ಅವರಲ್ಲಿ ಏನೋ ಶುದ್ಧಿ ನಡೀತಿದೆ. ಅಡ್ಡ ಬರಬೇಡಿ.”

ಮೊದಲ ಸಲ ಹೇಳಿದಾಗ ಅವರಿಗೆ ಗೊತ್ತಿಲ್ಲದೆ ಇದ್ದಿರಬಹುದು. ಈಗ ಗೊತ್ತಿತ್ತು. ಗೊತ್ತಿದ್ದೂ ಅದೇ ಮೆಲುದನಿಯಲ್ಲಿ ಅದನ್ನೇ ಹೇಳಿದರು. ಆ ಮಜ್ಜಿಗೆಯ ಲೋಟವನ್ನು ನಾನು ಹಾಗೇ ಕೆಳಗಿಟ್ಟೆ. ಹಳ್ಳದ ಲೋಳೆಯನ್ನು ಕಂಡಾಗಲೂ ಅಷ್ಟು ಹೇಸಿಗೆಯಾಗಿರಲಿಲ್ಲ. ಕಥೆಯ ಹಾವು ನಮ್ಮೊಳಗೂ ಇದೆ ಎನ್ನುವುದನ್ನು ನಾನು ಈಗಲೂ ಒಪ್ಪುತ್ತೇನೆ. ನಾನೊಬ್ಬಳೇ ದೇವರ ಮುಂದೆ ಕೂತಾಗ ಅದನ್ನು ನನ್ನ ಎದೆಗೆ ಇಟ್ಟುಕೊಂಡು ನೋಡಿದರೆ ಒಳ್ಳೆಯದೇ. ಆದರೆ ಈ ಮನುಷ್ಯ ತನ್ನ ಹೊಂಡದ ವಿಷವನ್ನು ನಮ್ಮ ಅತ್ತೆಯ ಎದೆಗೆ ಇಟ್ಟು ಕೈ ತೊಳೆದುಕೊಂಡಿದ್ದರು. ಕಥೆಯಲ್ಲಿ ದನಗಳು ನಿಜವಾಗಿ ಬಿದ್ದಿದ್ದವು. ಕೃಷ್ಣ ನಿಜವಾದ ನೀರಿಗೇ ಧುಮುಕಿದ್ದು. ದಡದಲ್ಲಿ ನಿಂತು ದನಗಳಿಗೆ ಮೇವು ಕಡಿಮೆ ಮಾಡಿ ಎನ್ನಲಿಲ್ಲ.

ಮುಂದಿನ ಶನಿವಾರದ ಸತ್ಸಂಗ ನಮ್ಮ ಮನೆಯಲ್ಲಿ. ಯಾರ ಮನೆಯಲ್ಲಿ ನಡೆಯುತ್ತದೋ ಆ ಮನೆಯ ದೇವರ ನೀರಿನಿಂದಲೇ ಪೂಜೆ, ತೀರ್ಥ. ಇದು ಮೊದಲಿನಿಂದ ಬಂದ ಕ್ರಮ. ನಮ್ಮ ಮನೆಯವರು ಬೆಳಿಗ್ಗೆಯೇ ನನ್ನನ್ನು ಪಕ್ಕಕ್ಕೆ ಕರೆದು, “ಇವತ್ತೊಂದಿನ ಬೋರಿನ ನೀರಿಡಾಣ, ಯಾರಿಗೆ ತಿಳೀತದೆ” ಎಂದರು. ಅತ್ತೆಗೆ ತಿಳಿಯುತ್ತಿತ್ತು. ಅವರು ಆಗಲೇ ಮಡಿಯುಟ್ಟು, ತೊಟ್ಟಿಯಿಂದ ತಾಮ್ರದ ಬಿಂದಿಗೆ ತುಂಬುತ್ತಿದ್ದರು. ನಾನು ತಡೆಯಲಿಲ್ಲ. ತುಳಸಿ, ಪಚ್ಚಕರ್ಪೂರವನ್ನೂ ಎತ್ತಿಕೊಡಲಿಲ್ಲ. ತೀರ್ಥ ಹಂಚುವ ಹೊತ್ತಿಗೆ ಎದ್ದು ಬೇಡ ಎಂದುಬಿಡುವುದು ಎಂದಷ್ಟೇ ಮನಸ್ಸಿನಲ್ಲಿತ್ತು.

ಜಗಲಿಯಲ್ಲಿ ಜಮಖಾನೆ ಹಾಸಿದ್ದೆವು. ಅತ್ತೆ ಎಲ್ಲರಿಂದ ದೂರ, ಬಾಗಿಲ ಮೂಲೆಯಲ್ಲಿ ಒರಗಿಕೊಂಡಿದ್ದರು. ತನ್ನ ನಾತ ಯಾರಿಗೂ ತಟ್ಟಬಾರದು ಎಂದು. ಸಾಹುಕಾರರು ಮಣೆಯ ಮೇಲೆ ಕೂತು ಆಚಮನಕ್ಕೆ ಉದ್ಧರಣೆಯಿಂದ ಅಂಗೈಗೆ ನೀರು ಹಾಕಿಕೊಂಡರು. ದೇವರ ಹೆಸರು ಹೇಳುತ್ತ ಕೈಯನ್ನು ಬಾಯಿಯ ಹತ್ತಿರ ತಂದವರು ಹಾಗೇ ತಡೆದರು. ಮೂಗು ಸೆಳೆದುಕೊಂಡಿತು. ಮುಖ ಹಿಂದಕ್ಕೆ ಹೋಯಿತು. ಅಂಗೈಯ ನೀರನ್ನು ತಟ್ಟೆಗೆ ಬಿಟ್ಟು, ಕೈಯನ್ನು ಶಲ್ಯಕ್ಕೆ ಒರೆಸಿ, ಒಮ್ಮೆ ಮೂಸಿ, ಮತ್ತೆ ಒರೆಸಿದರು.

ಆಮೇಲೆ ಹೊರಗಿದ್ದ ಡ್ರೈವರನ್ನು ಕರೆದರು. “ಕಾರಲ್ಲಿ ನೀರಿನ ಬಾಟ್ಲಿ ಇದೆ, ತಗೊಂಡ್ ಬಾ.”

ಮೂಲೆಯಿಂದ ಅತ್ತೆಯ ದನಿ ಬಂತು.

“ಸಾಹುಕಾರ್ರೇ, ನಿಮಗೂ ಬಂತಾ ನಾತ?”

“ಇಲ್ಲಮ್ಮ… ಸ್ವಲ್ಪ… ಹಳ್ಳದ ನೀರಲ್ವಾ ಇದು? ಹೊಂಡದ್ದು ಸೇರ್ಕೊಂಡಿದೆ. ರೈಟರ್‌ಗೆ ಹೇಳ್ತೀನಿ.”

“ಹೊಂಡದ್ದಾ?” ಅತ್ತೆ ಗೋಡೆ ಹಿಡಿದು ಎದ್ದು ನಿಂತರು. “ನಂದಲ್ವಾ?”

ಆ ಎರಡನೆಯ ಮಾತನ್ನು ಅವರು ಕೇಳಿದ ರೀತಿಗೆ ಪಕ್ಕದ ಮನೆಯಾಕೆ ಕೂಡ ತಲೆ ತಗ್ಗಿಸಿದಳು. ಸಾಹುಕಾರರು ಸಾವರಿಸಿಕೊಂಡು ಕಣ್ಣುಮುಚ್ಚಿದರು. “ಹೊರಗಿನದು ಬರೀ ನೆಪ ಅಮ್ಮ. ಒಳಗಿನ ಮಡುವಿನಲ್ಲಿ…”

“ನೀವು ಸ್ವಲ್ಪ ಸುಮ್ನಿರಿ,” ಎಂದರು ಅತ್ತೆ. ಜೋರು ಮಾಡಲಿಲ್ಲ. ಗಲಾಟೆ ಮಾಡುವ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. “ಒಳಗಿಂದಾದ್ರೆ ಬಾಟ್ಲಿ ನೀರು ಎಂತಕ್ಕೆ?”

ಪಕ್ಕದ ಮನೆಯಾಕೆಗೆ ಅಷ್ಟು ಸಾಕಾಯಿತು. “ಬಾಟ್ಲಿ ಇದ್ರೆ ನಮ್ಮ ದನಕ್ಕೂ ಒಂದೆರಡು ಕೊಡಿ ಸಾರ್. ಅದಕ್ಕಿನ್ನೂ ಒಳಗಿನ ಮಡು ಗೊತ್ತಿಲ್ಲ.”

ಪೂಜೆ ಬಾಟಲಿಯ ನೀರಿನಲ್ಲಿ ಬೇಗ ಬೇಗ ಮುಗಿಯಿತು. ಪ್ರವಚನ ಆಗಲಿಲ್ಲ. ನಾನು ಕಾಫಿ ತಂದಿಟ್ಟೆ, ಎಷ್ಟೆಂದರೂ ಮನೆಗೆ ಬಂದವರು. ಸಾಹುಕಾರರು ಲೋಟದ ಕಡೆ ನೋಡಿ ನನ್ನನ್ನು ಮೆಲ್ಲಗೆ ಕೇಳಿದರು, “ಇದು ಯಾವ ನೀರಿಂದು?”

ನನಗೆ ಮೈಯೆಲ್ಲ ಉರಿಯಿತು. “ಬೋರಿಂದು. ಕುಡೀರಿ,” ಎಂದೆ. ಅವರು ಕುಡಿಯಲಿಲ್ಲ. ಅವರು ಹೋದ ಮೇಲೆ ಆ ಕಾಫಿಯನ್ನು ಚೆಲ್ಲುವಾಗ ಲೋಟವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದೆ. ಕಾಫಿ ನಾನೇ ಮಾಡಿದ್ದು, ಲೋಟ ನಮ್ಮದೇ. ಆದರೂ ಹಾಗೇ ಹಿಡಿಯುವಂತಾಯಿತು.

ಆಮೇಲೆ ಏರಿಗೆ ಮಣ್ಣು ಹಾಕಿದರು ಎಂದು ಕೇಳಿದೆ. ಮತ್ತೆ ಕಡಿದರು ಎಂದೂ ಕೇಳಿದೆ. ಪಂಚಾಯ್ತಿಗೆ ಹಳ್ಳದ ಕೆಳಗಿನ ಮನೆಯವರೆಲ್ಲ ಹೋಗಿ ಬಂದೆವು, ನೋಡೋಣ ಎಂದರು. ವಾಟ್ಸಾಪ್ ಗುಂಪಿನಲ್ಲಿ ಆ ಮೆಲುದನಿ ಈಗಲೂ ದಿನಾ ಬೆಳಿಗ್ಗೆ ಬರುತ್ತದಂತೆ. ನಾನು ಗುಂಪು ಬಿಟ್ಟೆ. ಹೊಲಸನ್ನು ಹೊಲಸು ಎನ್ನಲಾಗದವರ ಬಾಯಿಂದ ದೇವರ ಕಥೆ ಕೇಳುವುದು ನನ್ನಿಂದಾಗದು.

ಆ ಶನಿವಾರ ಎಲ್ಲರೂ ಹೋದ ಮೇಲೆ ಅತ್ತೆ ದೇವರಕೋಣೆಯ ಪಕ್ಕ ನಿಂತು ಗಳದಿಂದ ಇನ್ನೊಂದು ಮಡಿಸೀರೆಯನ್ನು ಕೋಲಿಲ್ಲದೆ ಕೈಯಿಂದಲೇ ಎಳೆದರು. ನನ್ನನ್ನು ಕರೆದು ಸೀರೆಯ ಸೆರಗನ್ನು ನನ್ನ ಮೂಗಿಗೆ ಹಿಡಿದರು. ಮದುವೆಯಾಗಿ ಬಂದಾಗಿನಿಂದ ಅದನ್ನು ಮುಟ್ಟದವಳು ಹಿಂದೆ ಸರಿದೆ.

“ಮೂಸು ಮಾರಾಯ್ತಿ. ಮಡಿ ಹೋದ್ರೆ ಹೋಗ್ತದೆ. ಸರೀ ಮೂಸಿ ಹೇಳು.”

ಮೂಸಿದೆ. “ಹಳ್ಳದ್ದೇ ಅತ್ತೆ.”

“ಈಗ ನನ್ನ ಕುತ್ತಿಗೆ ಹತ್ರ ನೋಡು. ಬೋರಿನ ನೀರಲ್ಲಿ ಈಗಷ್ಟೇ ತೊಳ್ಕೊಂಡು ಬಂದೆ.”

ಬಗ್ಗಿ ನೋಡಿದೆ. ಕಡಲೆಹಿಟ್ಟಿನ, ಗಂಧದ, ಮುದುಕಿಯರ ಚರ್ಮದ ಪರಿಮಳ. ಎಂತದೂ ಇಲ್ಲ ಎಂದು ತಲೆಯಾಡಿಸಿದೆ.

ಸೀರೆಯನ್ನು ಮುದ್ದೆ ಮಾಡಿ ನನ್ನ ಕೈಗೆ ಕೊಟ್ಟು, “ಬೋರಿನ ನೀರಲ್ಲೇ ತೊಳ್ದು ಹಾಕು. ಕೃಷ್ಣ ಕೇಳಿದ್ರೆ ನಾನು ಹೇಳ್ಕೊಳ್ತೇನೆ” ಎಂದರು. ಎರಡು ಹೆಜ್ಜೆ ಹೋದವರು ಅಡುಗೆಮನೆಯ ಬಾಗಿಲಲ್ಲಿ ತಿರುಗಿ ನಿಂತರು. “ಅನ್ನ ಇದ್ಯನೇ? ಹುಳಿ ಬಿಸಿ ಮಾಡು, ತಣ್ಣಗಿದ್ದದ್ದು ನಂಗೆ ಸೇರೂದಿಲ್ಲ. ಪುಟ್ಟೀನೂ ಕರಿ, ಒಟ್ಟಿಗೇ ಕೂರ್ತೇವೆ.”